ಕಾರ್ಡು ಅಟ್ಟೂರಿನದು, ಮಗು ಆರ್.ಟಿ. ನಗರದಲ್ಲಿ

ಅಟ್ಟೂರು, ಯಲಹಂಕ
30 ಸೆಪ್ಟೆಂಬರ್ 2024

ವಲಯದ ಆರೋಗ್ಯಾಧಿಕಾರಿಗಳಿಗೆ,

ಈ ವರ್ಷ ಜುಲೈ ಎರಡರಂದು ಹುಟ್ಟಿ ಜುಲೈ ಇಪ್ಪತ್ತರ ಬೆಳಿಗ್ಗೆ ತೀರಿಕೊಂಡ ಒಂದು ಹೆಣ್ಣು ಮಗುವನ್ನು, ಅದು ಬದುಕಿದ್ದ ಅಷ್ಟೂ ದಿನ, ನಿಮ್ಮ ಕೈಕೆಳಗಿನ ಎರಡು ಆರೋಗ್ಯ ಕೇಂದ್ರಗಳು ತಮ್ಮದಲ್ಲವೆಂದು ಬಿಟ್ಟುಬಿಟ್ಟವು. ಮಗುವಿನ ಹೆಸರು ರುಖ್ಸಾರ್. ತಾಯಿ ಲುಬ್ನಾ, ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡನ್ನು ಅವಳು ಮಾಡಿಸಿದ್ದು ಅಟ್ಟೂರಿನಲ್ಲಿ, ತವರು ಇದ್ದದ್ದು ಆರ್.ಟಿ. ನಗರದಲ್ಲಿ. ನಡುವೆ ಒಂದು ಬಸ್ಸಿನ ದಾರಿ. ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ತೂಕ ನೋಡಬೇಕು, ಹಾಲು ಕುಡಿಯುವುದನ್ನು ಕಣ್ಣಾರೆ ನೋಡಬೇಕು ಎನ್ನುವುದು ನಿಮ್ಮದೇ ನಿಯಮ. ಆ ಮಗುವನ್ನು ಯಾರೂ ತೂಗಲಿಲ್ಲ, ಅದು ಹಾಲು ಕುಡಿಯುವುದನ್ನು ಯಾರೂ ನೋಡಲಿಲ್ಲ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಆ ಕೆಲಸ ನನ್ನ ಕಿವಿಯನ್ನು ತಿಂದುಹಾಕಿದೆ. ಎದುರು ನಿಂತವರು ಗಟ್ಟಿಯಾಗಿ ಹೇಳಿದರೆ ತಿಳಿಯುತ್ತದೆ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಅದಕ್ಕೇ ಲುಬ್ನಾ ಮತ್ತು ನಾನು ಕಾಗದ ಬರೆದುಕೊಳ್ಳುತ್ತಿದ್ದೆವು. ಅವಳ ಗಂಡ ನಯೀಮ್ ಶುಕ್ರವಾರ, ಭಾನುವಾರ ಅತ್ತೆ ಮನೆಗೆ ಹೋಗುವಾಗ ಒಯ್ದು, ಬರುವಾಗ ತರುತ್ತಿದ್ದ. ಅವಳ ಒಪ್ಪಿಗೆ ಪಡೆದು ಪ್ರತಿಗಳನ್ನು ಇಲ್ಲಿ ಸೇರಿಸಿದ್ದೇನೆ. ನನಗೆ ನಾಚಿಕೆಯಾಗುವ ಸಾಲುಗಳನ್ನೂ ತೆಗೆದಿಲ್ಲ. ದಯವಿಟ್ಟು ಪೂರ್ತಿ ಓದಿ.

ಇಂದು ಬಾಲರಾಜು


ಅಟ್ಟೂರು
16 ಜೂನ್ 2024

ಪ್ರೀತಿಯ ಲುಬ್ನಾ,

ನೀನು ಹೋದ ಮೇಲೆ ಮಹಡಿಯಲ್ಲಿ ಸದ್ದೇ ಇಲ್ಲ ಎಂದು ಬರೆಯೋಣವೆಂದಿದ್ದೆ. ನಿನ್ನ ಗಂಡ ಅದನ್ನು ಸುಳ್ಳು ಮಾಡಿದ. ಮೊನ್ನೆ ಕುಕ್ಕರಿಗೆ ನೀರು ಹಾಕುವುದನ್ನೇ ಮರೆತು, ನನ್ನ ಕಿವಿಗೂ ಕೇಳುವ ಹಾಗೆ ಕಿರುಚಿಕೊಂಡ. "ಏನಪ್ಪಾ, ಬೆಂಕಿ ಬಿತ್ತಾ?" ಎಂದು ಓಡಿ ಹೋದರೆ, "ಏನಿಲ್ಲ ಆಂಟಿ, ಬಿರಿಯಾನಿ ಟ್ರೈ ಮಾಡ್ತಿದ್ದೆ" ಅಂತಾನೆ. ಎಸಿ ರಿಪೇರಿ ಮಾಡುವವನಿಗೆ ಒಲೆಯ ಸಹವಾಸ ಯಾಕೆ? ಊಟಕ್ಕೆ ಕೆಳಗೇ ಬಾ ಎಂದಿದ್ದೇನೆ. "ಬರ್ತೀನಿ, ಆದ್ರೆ ದಿನಾ ಸೊಪ್ಪಿನ ಸಾರು ಬೇಡ ಆಂಟಿ" ಎಂದು ಷರತ್ತು ಬೇರೆ.

ನಮ್ಮ ಬೀದಿಯ ಆಶಾ ಪಟಾಲಮ್ಮ ಬಂದಿದ್ದಳು. ನಿನ್ನ ಬಾಗಿಲು ಬಡಿದು ಕೆಳಗೆ ಬಂದಳು. "ಮ್ಯಾಗ್ಲ ಮನೆ ಉಡುಗಿ ಎಲ್ಲಕ್ಕಾ? ಬೀಗ ಐತೆ" ಎಂದಳು. ತವರಿಗೆ ಹೋಗಿದ್ದಾಳೆ, ಆರ್.ಟಿ. ನಗರ ಎಂದೆ. "ಓಗ್ಲಿ ಬುಡಿ, ಇನ್ನು ಆ ಏರಿಯಾದೋರು ನೋಡ್ಕೊತಾರೆ" ಎಂದು ನೀರು ಕುಡಿದು ಹೋದಳು. ಅಂದಮೇಲೆ ನಿನಗೆ ಆ ಚಿಂತೆಯಿಲ್ಲ.

ನಾಳೆ ಬಕ್ರೀದ್. ನಿಮ್ಮ ಅಮ್ಮಿ ಕುಬ್ರಾ ಅವರಿಗೂ ನಿನ್ನ ತಂಗಿ ರೂಬಿಗೂ ಶುಭಾಶಯ ಹೇಳು. ಭಾರ ಎತ್ತಬೇಡ.

ಇಂದು ಆಂಟಿ


ಆರ್.ಟಿ. ನಗರ
7 ಜುಲೈ 2024

ಇಂದು ಆಂಟಿಗೆ ಸಲಾಂ.

ನಯೀಮ್ ಆಗಲೇ ಹೇಳಿರುತ್ತಾರೆ, ಆದರೂ ನನ್ನ ಕೈಯಿಂದ ಬರೆಯಬೇಕು. ಹೆಣ್ಣು ಮಗು. ಮಂಗಳವಾರ ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಯಲ್ಲಿ ನಾರ್ಮಲ್ ಆಯಿತು. ದಿನ ತುಂಬುವುದಕ್ಕೆ ಸ್ವಲ್ಪ ಮುಂಚೆಯೇ ಬಂದಳು, ಅದಕ್ಕೇ ಚಿಕ್ಕವಳು. ಎರಡು ಕೆಜಿಗೆ ಸ್ವಲ್ಪ ಜಾಸ್ತಿ ಅಷ್ಟೆ. ನಯೀಮ್ ಅವಳ ಕಿವಿಯಲ್ಲಿ ಅಜಾನ್ ಹೇಳುವಾಗ ಅರ್ಧದಲ್ಲೇ ನಿಂತುಬಿಟ್ಟರು. ಪಕ್ಕದ ಬೆಡ್ಡಿನ ಅಜ್ಜಿ, "ಮುಂದಕ್ಕೆ ಹೇಳಪ್ಪಾ, ಮಗು ಕಾಯ್ತಾ ಐತೆ" ಎಂದಿತು.

ಶುಕ್ರವಾರ ಮನೆಗೆ ಕಳಿಸಿದರು. ಮಗು ಸಣ್ಣದಿದೆ, ತೂಕ ನೋಡ್ತಾ ಇರಬೇಕು, ಆಶಾ ಮನೆಗೇ ಬರ್ತಾರೆ ಎಂದು ಸಿಸ್ಟರ್ ಹೇಳಿ ಕಳಿಸಿದ್ದಾರೆ.

ಈಗ ನನಗೆ ಚಿಲ್ಲಾ. ನಲವತ್ತು ದಿನ ಹೊಸಿಲು ದಾಟುವಂತಿಲ್ಲ, ಗಾಳಿಗೆ ಹೋಗುವಂತಿಲ್ಲ. ಕಿಟಕಿಗೆ ಅಮ್ಮಿ ದಪ್ಪ ಪರದೆ ಹಾಕಿದ್ದಾರೆ. ಕಣ್ಣು ಹಾಳಾಗುತ್ತೆ ಅಂತ ಮೊಬೈಲ್ ಕಿತ್ತುಕೊಂಡಿದ್ದಾರೆ. ಕಾಗದ ಬರೆಯುವುದು ಮೊಬೈಲ್ ನೋಡಿದ ಹಾಗಲ್ಲ ಎಂದು ನಾನೇ ಒಂದು ಕಾನೂನು ಮಾಡಿಕೊಂಡಿದ್ದೇನೆ. ಮೈಯೆಲ್ಲಾ ಬೆಳ್ಳುಳ್ಳಿ, ಮೆಂತ್ಯದ ವಾಸನೆ. ರೂಬಿ ಮೂಗು ಮುಚ್ಚಿಕೊಂಡೇ ಕೋಣೆಗೆ ಬರುತ್ತಾಳೆ.

ನಿಮ್ಮ ಲುಬ್ನಾ


ಅಟ್ಟೂರು
11 ಜುಲೈ 2024

ಲುಬ್ನಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಬೀದಿಯವರಿಗೆಲ್ಲ ಮೈಸೂರುಪಾಕು ಹಂಚಿದೆ. "ಯಾರಿಗಕ್ಕಾ ಮಗು?" ಎಂದರೆ, "ನಮ್ಮನೆಯಲ್ಲಿ" ಎಂದೆ. ಎದುರು ಮನೆ ಮುನಿರಾಮಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಿನಾಗಾ?" ಎಂದ. ಅವನಿಗೆ ಎರಡನೇ ತುಂಡು ಕೊಡಲಿಲ್ಲ.

ನೀನು ತವರಿನಲ್ಲಿರುವುದು ಓದಿ ನನ್ನ ಬಾಣಂತನ ನೆನಪಾಯಿತು. ನಮ್ಮ ಮನೆಯವರು ಆಗ ಯಶವಂತಪುರದಲ್ಲಿದ್ದರು. ನಾನು ಹೆರಿಗೆಗೆ ಪುಟ್ಟೇನಹಳ್ಳಿಯ ನಮ್ಮಮ್ಮನ ಮನೆಗೆ ಬಂದಿದ್ದೆ. 1984. ಆಗೊಬ್ಬಳು ನರ್ಸಮ್ಮ ಸೈಕಲ್ಲಿನಲ್ಲಿ ಕೆರೆ ಏರಿ ಮೇಲೆ ಬರುತ್ತಿದ್ದಳು. ಯಾರ ಮನೆಯಲ್ಲಿ ಮಗುವಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಗ್ಗದ ಮೇಲೆ ಪುಟ್ಟ ಬಟ್ಟೆಗಳು ಒಣಗುತ್ತಿದ್ದರೆ ಸೈಕಲ್ ನಿಲ್ಲಿಸುತ್ತಿದ್ದಳು. "ಯಾವೂರ ಸೊಸೆ ನೀನು?" ಎಂದು ಕೇಳುತ್ತಿದ್ದುದು ಮಗುವನ್ನು ತೂಗಿ, ಹೊಕ್ಕುಳು ನೋಡಿ, ನಮ್ಮಮ್ಮನಿಗೆ ನಾಲ್ಕು ಬೈದ ಮೇಲೆ. ಬೈಯುವುದಕ್ಕೆ ಅವಳಿಗೆ ಕಾರಣ ಸಿಗುತ್ತಲೇ ಇತ್ತು.

ಹಾಲಿನ ಬೂತಿನ ಹತ್ತಿರ ಪಟಾಲಮ್ಮ ಸಿಕ್ಕಿದ್ದಳು. ಮಗು ಸಣ್ಣದು, ತೂಕಕ್ಕೆ ಯಾರು ಬರ್ತಾರೆ ಎಂದು ಕೇಳಿದೆ. "ಅಲ್ಲಿ ಆಶಾ ಬತ್ತಾಳಕ್ಕಾ. ನಾವು ನಮ್ ಏರಿಯಾ ದಾಟಂಗಿಲ್ಲ" ಎಂದಳು. ಬಂದೇ ಬರುತ್ತಾರೆ. ಬರದಿದ್ದರೆ ನನಗೆ ಹೇಳು, ನಾನಿದ್ದೇನೆ. ನನ್ನ ಕಾಗದಕ್ಕೆ ಹೆದರಿ ಈ ಬೀದಿಗೆ ಎರಡು ಸಲ ಟಾರು ಹಾಕಿದ್ದಾರೆ, ಗೊತ್ತಲ್ಲ!

ಇಂದು ಆಂಟಿ


ಆರ್.ಟಿ. ನಗರ
14 ಜುಲೈ 2024

ಆಂಟಿ,

ಹೆಸರಿಟ್ಟೆವು. ರುಖ್ಸಾರ್. ನಯೀಮ್ ಅವಳಿಗೆ "ಮೇಡಂ" ಎನ್ನುತ್ತಾರೆ. ಅಮ್ಮಿ "ರುಖ್ಸು" ಎನ್ನುತ್ತಾರೆ.

ಬಹಳ ಶಾಂತ ಮಗು. ಅಳುವುದೇ ಇಲ್ಲ. ಎದುರು ಮನೆಯವರು, "ನಿಮ್ಮನೆಯಲ್ಲಿ ಮಗು ಇದೆಯಾ ಇಲ್ವಾ?" ಎಂದು ಕೇಳಿದರಂತೆ. ಹಾಲು ಕುಡಿಯುವುದಕ್ಕೂ ಸೋಮಾರಿ, ಎರಡು ಗುಟುಕಿಗೇ ನಿದ್ದೆ. "ಅಪ್ಪನ ಮಗಳೇ ಸರಿ" ಎಂದು ಅಮ್ಮಿ ನಗುತ್ತಾರೆ. "ನನ್ನ ಮಗಳು ಯಾರಿಗೂ ತೊಂದರೆ ಕೊಡಲ್ಲ ಮಚ್ಚಾ" ಎಂದು ನಯೀಮ್ ಗೆಳೆಯರಿಗೆಲ್ಲಾ ಹೇಳಿಕೊಂಡು ತಿರುಗುತ್ತಿದ್ದಾರೆ.

ಇಲ್ಲಿಯ ಆಶಾ ಎದುರು ಮನೆಗೆ ಬಂದಿದ್ದರು. ರೂಬಿ ಕರೆದಳು. ಒಳಗೆ ಬಂದು ಮಗುವಿನ ಕೆನ್ನೆ ಮುಟ್ಟಿ, "ಚಿನ್ನ, ಚಿನ್ನ" ಎಂದು ಹೋದರು. ಒಳ್ಳೆಯ ಹೆಂಗಸು.

ನೀವು ಹಂಚಿದ ಮೈಸೂರುಪಾಕು ನನಗೆ ಮಾತ್ರ ಬರಲಿಲ್ಲ!

ಲುಬ್ನಾ


ಅಟ್ಟೂರು
16 ಜುಲೈ 2024

ಲುಬ್ನಾ,

ಮೈಸೂರುಪಾಕು ಕಳಿಸಿದ್ದೇನೆ. ದಾರಿಯಲ್ಲಿ ಪೊಟ್ಟಣ ಹಗುರವಾದರೆ ತಂದವನನ್ನು ಕೇಳು.

ಆಶಾ ಬಂದು ನೋಡಿಕೊಂಡು ಹೋದದ್ದು ಓದಿ ನೆಮ್ಮದಿಯಾಯಿತು. ಈ ಊರಿನ ಬಗ್ಗೆ ನಾನು ಸದಾ ಕೆಟ್ಟದ್ದನ್ನೇ ಬರೆಯುತ್ತೇನೆ ಎಂದು ನಯೀಮ್ ಹೇಳುತ್ತಿರುತ್ತಾನೆ. ಇಗೋ, ಒಂದು ಒಳ್ಳೆಯ ಮಾತು ಬರೆದಿದ್ದೇನೆ.

ನನ್ನ ಮಗ ಮೂರು ತಿಂಗಳು ಅತ್ತೂ ಅತ್ತೂ ಇಡೀ ಪುಟ್ಟೇನಹಳ್ಳಿಯನ್ನು ಎಬ್ಬಿಸುತ್ತಿದ್ದ. ಶಾಂತ ಮಗು ಪಡೆದಿದ್ದೀಯ, ಅದೃಷ್ಟವಂತೆ. ಮಲಗಿದ್ದಾಗ ಎಬ್ಬಿಸಬೇಡ. ನೀನೂ ಮಲಗಿಕೋ.

ಇಂದು ಆಂಟಿ


ಆರ್.ಟಿ. ನಗರ
17 ಜುಲೈ 2024

ಆಂಟಿ,

ಇವತ್ತು ಮೊಹರಂ ರಜೆ ಎಂದು ನಯೀಮ್ ಬಂದಿದ್ದಾರೆ. ಅವರು ಹೊರಡುವುದಕ್ಕೆ ಮುಂಚೆ ಎರಡು ಸಾಲು.

ಎಲ್ಲಾ ಚೆನ್ನಾಗಿದೆ. ಪೊಟ್ಟಣ ಹಗುರವಾಗಿತ್ತು.

ನಿಮ್ಮ ಪಟಾಲಮ್ಮ ಒಂದು ಸಲ ಇಲ್ಲಿಗೆ ಬರುವುದಕ್ಕೆ ಆಗುತ್ತದಾ? ಸುಮ್ಮನೆ ಕೇಳಿದೆ. ಅವಸರ ಏನಿಲ್ಲ.

ಲುಬ್ನಾ


ಅಟ್ಟೂರು
22 ಜುಲೈ 2024

ಲುಬ್ನಾ,

ನಯೀಮ್ ಶುಕ್ರವಾರ ಹೋದವನು ಇನ್ನೂ ಬಂದಿಲ್ಲ. ಅತ್ತೆ ಮನೆಯ ಊಟ ಬಿಟ್ಟು ಬರಲು ಮನಸ್ಸಿಲ್ಲವೇನೋ. ಅದಕ್ಕೇ ಇದನ್ನು ಪೋಸ್ಟಿಗೆ ಹಾಕುತ್ತಿದ್ದೇನೆ.

ಪಟಾಲಮ್ಮನನ್ನು ಕೇಳಿದೆ. ಜೋರಾಗಿ ನಕ್ಕಳು. "ಅಟ್ಟೂರಾಗೇ ನಂಗೆ ಸಾವಿರ ಮನೆ ಇದ್ದಾವೆ. ಆರ್.ಟಿ. ನಗರಕ್ಕೆ ಓದ್ರೆ ಇಲ್ಲಿ ಮೇಡಂ ಬೈತಾರೆ, ಅಲ್ಲಿ ಆಶಾ ಒಡಿತಾಳೆ" ಎಂದಳು. ಅವಸರವೇನಿಲ್ಲ ಬಿಡು, ಮಗು ಚೆನ್ನಾಗಿದೆ ಎಂದು ನಾನೇ ಹೇಳಿದೆ.

ನಮ್ಮ ಪುಟ್ಟ ಮೇಡಂ ಹೇಗಿದ್ದಾರೆ? ಕಣ್ಣು ಯಾರ ಹಾಗೆ? ಚಳಿ ಶುರುವಾಗುವುದರೊಳಗೆ ನೀವು ಇಲ್ಲಿಗೆ ಬಂದುಬಿಡಿ. ಮೆಟ್ಟಿಲಿಗೆ ಅಡ್ಡ ಗೇಟು ಹಾಕಿಸುತ್ತೇನೆ, ಅವಳು ಅಂಬೆಗಾಲಿಡುವುದು ಇಷ್ಟರಲ್ಲೇ.

ಇಂದು ಆಂಟಿ


ಆರ್.ಟಿ. ನಗರ
11 ಆಗಸ್ಟ್ 2024

ಆಂಟಿ,

ಇವತ್ತಿಗೆ ಚಿಲ್ಲಾ ಮುಗಿಯಿತು. ನಲವತ್ತನೇ ದಿನ ತಾಯಿಗೂ ಮಗುವಿಗೂ ನೀರು ಹಾಕಿ ಹೊಸ ಬಟ್ಟೆ ಉಡಿಸುತ್ತಾರೆ. ಅಮ್ಮಿ ನನಗೊಬ್ಬಳಿಗೆ ಹಾಕಿದರು.

"ಮಗು ಹೋಯ್ತು ಆಂಟಿ" ಎಂದಷ್ಟೇ ನಿಮಗೆ ಹೇಳಿ, ಅಟ್ಟೂರಿನ ಮನೆಯಿಂದ ಬಟ್ಟೆ ತೆಗೆದುಕೊಂಡು ಬಂದೆ ಎಂದು ನಯೀಮ್ ಹೇಳಿದರು. ಬೇರೇನೂ ಹೇಳುವುದಕ್ಕೆ ಅವರಿಗೆ ಆಗಿಲ್ಲ. ನೀವು ಮೆಟ್ಟಿಲ ಮೇಲೆ ಕೂತುಬಿಟ್ಟಿರಿ ಎಂದರು. ಮೆಟ್ಟಿಲು, ಅಂಬೆಗಾಲು ಎಂದು ನೀವು ಬರೆದ ಕಾಗದ ಪೋಸ್ಟಿನಲ್ಲಿ ಬಂದಾಗ ಅವಳನ್ನು ಮಣ್ಣು ಮಾಡಿ ಐದು ದಿನವಾಗಿತ್ತು. ರೂಬಿ ಬಚ್ಚಿಟ್ಟು ಮೊನ್ನೆ ಕೊಟ್ಟಳು. ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಗೊತ್ತಿರಲಿಲ್ಲ.

ಗೊತ್ತಾಗದ ಹಾಗೆ ಬರೆದಿದ್ದು ನಾನು. ಕೆನ್ನೆ ಮುಟ್ಟಿ ಹೋದ ಆಶಾ ಮೊದಲು ಕಾರ್ಡು ಕೇಳಿದ್ದರು. ನೋಡಿ, "ಇದು ಅಟ್ಟೂರು ಕಾರ್ಡು ಕಣಮ್ಮಾ, ನನ್ನ ಏರಿಯಾದಲ್ಲಿ ನೀನು ಬರಲ್ಲ, ಅಲ್ಲಿಯೋರೇ ಬರ್ತಾರೆ" ಎಂದರು. ಮಗುವನ್ನು ಎತ್ತಿಕೊಳ್ಳಲಿಲ್ಲ. ಇದನ್ನು ನಿಮಗೆ ಬರೆದರೆ ಮಾರನೇ ದಿನವೇ ನೀವು ಛತ್ರಿ ಹಿಡಿದು ಇಲ್ಲಿಯ ಹೆಲ್ತ್ ಸೆಂಟರಿಗೆ ಜಗಳಕ್ಕೆ ಬರ್ತೀರಿ ಎಂದು ಗೊತ್ತಿತ್ತು. ಜಗಳ ಆಡಿ ನೀವು ಅಟ್ಟೂರಿಗೆ ಹೋಗ್ತೀರಿ, ಅಮ್ಮಿ ಇಲ್ಲೇ ಬಾಳಬೇಕು. ಅದಕ್ಕೇ "ಒಳ್ಳೆಯ ಹೆಂಗಸು" ಎಂದು ಬರೆದೆ. ಸುಳ್ಳೂ ಅಲ್ಲ.

ಆಮೇಲೆ ಅವಳು ಎರಡು ಗುಟುಕೂ ಬಿಟ್ಟಳು. ರೂಬಿಯನ್ನು ಸೆಂಟರಿಗೆ ಕಳಿಸಿ, ತೂಕ ನೋಡುವುದಕ್ಕೆ ಯಾರನ್ನಾದರೂ ಕಳಿಸಿ ಎಂದು ಕೇಳಿಸಿದೆ. "ಅಟ್ಟೂರಿನ ಆಶಾಗೆ ಫೋನ್ ಮಾಡಿಸಿ" ಎಂದರಂತೆ. ಅದಕ್ಕೇ ಮೊಹರಂ ದಿನ ನಿಮಗೆ ಆ ಸಾಲು ಬರೆದೆ. ಅವಸರ ಏನಿಲ್ಲ ಎಂದು ಯಾಕೆ ಸೇರಿಸಿದೆನೋ. ಕೇಳಿದ್ದೇ ಹೆಚ್ಚಾಯಿತು ಅನ್ನಿಸಿತು.

ಶುಕ್ರವಾರ ಅವಳು ಬಾಯಿ ತೆರೆಯಲೇ ಇಲ್ಲ. ಅಮ್ಮಿ ದೃಷ್ಟಿ ತೆಗೆದರು. ನಯೀಮ್ ನಮಾಜ್ ಮುಗಿಸಿ ಬಂದವರು ಪರದೆ ಸರಿಸಿ ಬೆಳಕಿನಲ್ಲಿ ನೋಡಿ, "ಇದೇನು, ಹಿಂಗೆ ಹಳದಿ ಆಗಿದ್ದಾಳೆ" ಎಂದರು. ನಾನೇ ಹೊಸಿಲು ದಾಟಿದೆ. ಅಮ್ಮಿ ತಡೆಯಲಿಲ್ಲ, ಚಪ್ಪಲಿ ಹಾಕಿಕೊಳ್ಳದೆ ಹಿಂದೆ ಓಡಿ ಬಂದು ಆಟೋ ಹತ್ತಿದರು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಇಷ್ಟು ಚಿಕ್ಕ ಮಗುವಿಗೆ ವ್ಯವಸ್ಥೆ ಇಲ್ಲ ಎಂದರು. ದೊಡ್ಡ ಆಸ್ಪತ್ರೆಗೆ ಹೋದೆವು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಹುಟ್ಟಿದಾಗಿನ ತೂಕಕ್ಕಿಂತ ಕಡಿಮೆ ಇತ್ತಂತೆ. ಹಾಲು ಸಾಲದೆ ಬಳಲಿದೆ, ಕಾಮಾಲೆ ಏರಿದೆ, ಸೋಂಕೂ ಆಗಿದೆ ಎಂದರು. ಡಾಕ್ಟರು ಚಿಕ್ಕ ಹುಡುಗಿ. "ಅಳದೇ ಇರೋ ಮಗುನೇ ಡೇಂಜರ್ ಅಮ್ಮಾ. ಮನೆಗೆ ಬಂದು ಯಾರೂ ಹೇಳ್ಲಿಲ್ವಾ? ತೂಕ ನೋಡ್ಲಿಲ್ವಾ?" ಎಂದು ಕೇಳಿದಳು. ಅಮ್ಮಿ, "ಬರ್ತಾರೆ ಅಂದ್ರು ಡಾಕ್ಟ್ರೇ, ಕಾಯ್ತಾ ಇದ್ವಿ" ಎಂದರು.

ಶನಿವಾರ ಬೆಳಿಗ್ಗೆ ಹೋದಳು. ನಯೀಮ್ ಎರಡು ಅಂಗೈ ಮೇಲೆ ಎತ್ತಿಕೊಂಡು ಹೋದರು. ನಮ್ಮಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಬಾಗಿಲವರೆಗೆ ಹೋದೆ. ನನ್ನ ಹಾಲು ಇನ್ನೂ ನಿಂತಿಲ್ಲ ಆಂಟಿ.

ಲುಬ್ನಾ


ಅಟ್ಟೂರು
15 ಆಗಸ್ಟ್ 2024

ಲುಬ್ನಾ,

ಮಲಗಿದ್ದಾಗ ಎಬ್ಬಿಸಬೇಡ ಎಂದು ಬರೆದ ಕೈ ಇದೇ. ಅದರ ಬಗ್ಗೆ ಇನ್ನೊಂದು ಅಕ್ಷರ ಬರೆಯಲಾರೆ.

ಆದರೆ ನಮಗೆ ಗೊತ್ತಿರಲಿಲ್ಲ ಎನ್ನುವುದಕ್ಕೇ ಅಲ್ಲವೇ ಗೊತ್ತಿರುವವರನ್ನು ಸಂಬಳ ಕೊಟ್ಟು ಇಟ್ಟಿರುವುದು? ಗೊತ್ತಿದ್ದವರು ಕಾರ್ಡು ನೋಡಿದರು, ಮಗುವನ್ನು ನೋಡಲಿಲ್ಲ. ಈ ನಾಡಿನಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗದವರು ಎಷ್ಟು ಜನ? ಆ ನಿಯಮ ಬರೆದವರ ಹೆಂಡತಿಯೂ ಹೋಗಿರುತ್ತಾಳೆ, ಮಗಳೂ ಹೋಗಿರುತ್ತಾಳೆ. ಪೋಲಿಯೋ ಹನಿ ಹಾಕಲು ಶುರು ಮಾಡಿದಾಗ ನಾನು ನೋಡಿದ್ದೇನೆ. ಯಶವಂತಪುರ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ ಸಿಕ್ಕ ಮಗುವಿನ ಬಾಯಿ ತೆರೆಸಿ ಹಾಕಿದರು, ಬೆರಳಿಗೆ ಮಸಿ ಹಚ್ಚಿದರು. ಯಾವೂರ ಮಗು ಎಂದು ಕೇಳಲಿಲ್ಲ. ಕೊರೋನಾ ಬಂದಾಗ ಫೋನ್ ಮಾಡಿ ಮಾಡಿ, ಯಾರು ಯಾವ ನೆಂಟರ ಮನೆಯಲ್ಲಿದ್ದಾರೆ ಎಂದು ಹುಡುಕಿ ಬಾಗಿಲಿಗೆ ಕಾಗದ ಅಂಟಿಸಿದರು. ರೋಗ ಹರಡುವವರನ್ನು ಹುಡುಕಲು ಬರುತ್ತದೆ, ಹಾಲು ಕುಡಿಯದ ಮಗುವನ್ನು ಹುಡುಕಲು ಬರುವುದಿಲ್ಲ!

ನಾನು ಅಧಿಕಾರಿಗಳಿಗೂ ಪತ್ರಿಕೆಗಳಿಗೂ ಬರೆಯುತ್ತೇನೆ. ನಿನ್ನ ಹೆಸರು, ಮಗುವಿನ ಹೆಸರು, ತಾರೀಖು ಎಲ್ಲ ಹಾಕಿ. ನಯೀಮ್ ಹತ್ತಿರ ಆಸ್ಪತ್ರೆಯ ಚೀಟಿ ಕಳಿಸು.

ಇಂದು ಆಂಟಿ


ಆರ್.ಟಿ. ನಗರ
20 ಆಗಸ್ಟ್ 2024

ಆಂಟಿ,

ಚೀಟಿ ಕಳಿಸುವುದಿಲ್ಲ. ಬರೆಯಬೇಡಿ.

ಪೇಪರಿನಲ್ಲಿ ಬಂದರೆ ಜನ ಸೆಂಟರನ್ನು ಬೈಯುತ್ತಾರೆ ಅಂದುಕೊಂಡಿದ್ದೀರಾ? ಅಮ್ಮಿಯನ್ನು ಬೈಯುತ್ತಾರೆ. ಚಿಲ್ಲಾ ಅಂತ ಕತ್ತಲಲ್ಲಿ ಕೂರಿಸಿ ಮಗು ಕೊಂದರು, ಈ ಜನ ಇರೋದೇ ಹೀಗೆ ಅಂತಾರೆ. ನಿಮ್ಮವರಲ್ಲೂ ಬಾಣಂತಿ ಕೋಣೆ ಬಿಟ್ಟು ಬರುವುದಿಲ್ಲ, ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತಾಳೆ. ಆದರೆ ಬೈಸಿಕೊಳ್ಳೋದು ನಾವು. ಅಮ್ಮಿ ಈಗಲೇ ಊಟ ಬಿಟ್ಟಿದ್ದಾರೆ.

ಪೋಲಿಯೋ, ಕೊರೋನಾ, ರೈಲ್ವೆ ಸ್ಟೇಷನ್ ಎಲ್ಲಾ ನಿಮಗೆ ನೆನಪಿದೆ. ಅವಳ ಮೂಗು ಹೇಗಿತ್ತು ಎಂದು ನೀವು ಕೇಳಲಿಲ್ಲ.

ಲುಬ್ನಾ


ಅಟ್ಟೂರು
23 ಆಗಸ್ಟ್ 2024

ಲುಬ್ನಾ,

ಯಾರಿಗೂ ಬರೆಯುವುದಿಲ್ಲ.

ಮೂಗು ಹೇಗಿತ್ತು, ನನಗೆ ಬರಿ. ನಿನಗೆ ಆದಾಗ.

ಇಂದು ಆಂಟಿ


ಆರ್.ಟಿ. ನಗರ
22 ಸೆಪ್ಟೆಂಬರ್ 2024

ಆಂಟಿ,

ಒಂದು ತಿಂಗಳಾಯಿತು, ನಿಮಗೆ ಉತ್ತರ ಬರೆದಿಲ್ಲ. ಮೂಗು ನಯೀಮ್‌ದು. ತುದಿಯಲ್ಲಿ ಒತ್ತಿದ ಹಾಗೆ ಅಗಲ. ನಾನು ರೇಗಿಸಿದ್ದಕ್ಕೆ, "ಹೆಣ್ಣು ಮಗೂಗೆ ಈ ಮೂಗು ಕೊಟ್ಟೆನಲ್ಲಾ" ಎಂದು ನಿಜವಾಗಿ ಬೇಜಾರು ಮಾಡಿಕೊಂಡಿದ್ದರು. ಎಡಗೈ ಮುಷ್ಟಿ ಸದಾ ಬಿಗಿ. ಬಿಡಿಸಿದರೆ ಒಳಗೆ ಒಂದಿಷ್ಟು ನೂಲಿನ ಎಳೆ. ಅಷ್ಟೇ ಗೊತ್ತಾಗಿದ್ದು ಅವಳದು ನನಗೆ.

ಇನ್ನೆರಡು ವಿಷಯ ಬರೆಯಬೇಕು.

ಆಗಸ್ಟ್ ತಿಂಗಳಲ್ಲಿ ನಯೀಮ್ ಹೆಬ್ಬಾಳದಲ್ಲಿ ಯಾರದೋ ಮನೆಯಲ್ಲಿ ಏಣಿ ಮೇಲೆ ನಿಂತು ಎಸಿ ಬಿಚ್ಚುತ್ತಿದ್ದರಂತೆ. ಫೋನು ಬಂತು. ಕೈ ಖಾಲಿ ಇಲ್ಲ ಎಂದು ಸ್ಪೀಕರಿಗೆ ಹಾಕಿದರು. ರೆಕಾರ್ಡ್ ಮಾಡಿದ ಹೆಂಗಸಿನ ದನಿ. ನಿಮ್ಮ ಮಗುವಿಗೆ ಒಂದೂವರೆ ತಿಂಗಳು ತುಂಬಿದೆ, ತಪ್ಪದೆ ಲಸಿಕೆ ಹಾಕಿಸಿ ಎಂದಿತು. ಆ ಮನೆಯವರು, "ಓ, ಮಗು ಆಗಿದೆಯಾ, ಸ್ವೀಟ್ ಎಲ್ಲಿ?" ಎಂದರಂತೆ. ಇದನ್ನು ನನಗೆ ಹೇಳುವುದಕ್ಕೆ ನಯೀಮ್ ಒಂದು ತಿಂಗಳು ತೆಗೆದುಕೊಂಡರು. ನಯೀಮ್ ನಂಬರು ನನ್ನ ಕಾರ್ಡಿನ ಮೇಲೆ ಮೊದಲಿನಿಂದಲೂ ಇತ್ತು ಆಂಟಿ. ಅವಳು ಇದ್ದಾಗ ಒಂದು ಸಲ ಆ ನಂಬರಿಗೆ ಮಾಡಿ, ಈಗ ಎಲ್ಲಿದ್ದೀರಿ ಎಂದು ಕೇಳಿದ್ದರೆ ಹೇಳುತ್ತಿದ್ದೆವು.

ಇನ್ನೊಂದು ಹೋದ ಗುರುವಾರದ್ದು. ನಮ್ಮ ಮೇಲಿನ ಮನೆ ಖಾದರ್ ಬಾಷಾ ಅವರ ಮಗಳು ಹೆರಿಗೆಗೆ ಹೊಸಕೋಟೆಯಿಂದ ಬಂದಿದ್ದಾಳೆ. ಗಂಡು ಮಗು. ಅವಳ ಅಮ್ಮ ಅಮ್ಮಿಯ ಹತ್ತಿರ ಬಂದು, "ಪಾಪು ಬಹಳ ನಿದ್ದೆ ಮಾಡುತ್ತೆ, ಆಶಾ ಬಂದರು, ಹೊಸಕೋಟೆ ಕಾರ್ಡು ಅಂದು ಹೋದರು" ಎಂದು ಹೇಳುತ್ತಿದ್ದರು. ಅಮ್ಮಿ ಎರಡು ತಿಂಗಳಿಂದ ಜೋರಾಗಿ ಮಾತಾಡಿದವರಲ್ಲ. ಇದ್ದಕ್ಕಿದ್ದ ಹಾಗೆ ಎದ್ದು, "ಲುಬ್ನಾ, ದುಪಟ್ಟಾ ಹಾಕ್ಕೋ. ಆ ಮಗೂನ ಎತ್ಕೋ. ನಡಿ" ಎಂದರು.

ಮಗುವನ್ನು ನಾನೇ ಎತ್ತಿಕೊಂಡೆ. ಸೆಂಟರಿನಲ್ಲಿ ಸಿಸ್ಟರ್ ಕಾರ್ಡು ನೋಡಿ, "ಇದು ಹೊಸಕೋಟೆದು" ಎಂದು ವಾಪಸ್ ಚಾಚಿದರು. "ಕಾರ್ಡಿನ ತೂಕ ಹಾಕಬೇಡಿ, ಮಗೂದು ಹಾಕಿ" ಎಂದೆ. "ಯಾರಮ್ಮಾ ನೀನು?" ಎಂದರು. "ಜುಲೈನಲ್ಲಿ ನೀವು ಬೇಡ ಅಂದ ಅಟ್ಟೂರು ಕಾರ್ಡಿನೋಳು. ನನ್ನ ಮಗಳು ಸತ್ತೋದಳು" ಎಂದೆ. ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಸಿಸ್ಟರ್ ಎದ್ದು ತೂಕದ ಮಷಿನ್ ತಂದರು. ತೂಕ ಚೆನ್ನಾಗಿತ್ತು. ಹಾಲು ಹೇಗೆ ಕೊಡಬೇಕು, ಎಷ್ಟೊತ್ತಿಗೆ ಎಬ್ಬಿಸಬೇಕು ಎಲ್ಲ ಹೇಳಿದರು. ಐದು ನಿಮಿಷವೂ ಆಗಲಿಲ್ಲ.

ಮನೆಗೆ ಬಂದು ಬಹಳ ಅತ್ತೆ. ಆಗುತ್ತಿತ್ತು ಆಂಟಿ. ಕೇಳುವವರಿದ್ದರೆ ಆಗುತ್ತಿತ್ತು.

ಬರೆಯಿರಿ. ಎಲ್ಲ ಹೆಸರು ಹಾಕಿ. ಚಿಲ್ಲಾ ಅನ್ನೋದನ್ನೂ ಬರೆಯಿರಿ, ಬಚ್ಚಿಡಬೇಡಿ. ಅಮ್ಮಿ ಪಕ್ಕದಲ್ಲೇ ಕೂತು ಹೇಳುತ್ತಿದ್ದಾರೆ: "ನನ್ನ ಹೆಸರೂ ಹಾಕೋಕೆ ಹೇಳು. ಕುಬ್ರಾ ಬಾಗಿಲು ಹಾಕ್ಕೊಂಡಿರಲಿಲ್ಲ, ಕಾಯ್ತಾ ಇದ್ದಳು ಅಂತ ಬರೀಲಿ."

ನಿಮ್ಮ ಲುಬ್ನಾ


ಅಟ್ಟೂರು, ಯಲಹಂಕ
8 ನವೆಂಬರ್ 2024

ವಲಯದ ಆರೋಗ್ಯಾಧಿಕಾರಿಗಳಿಗೆ,

ಸೆಪ್ಟೆಂಬರ್ ಮೂವತ್ತರ ನಮ್ಮ ಪತ್ರಕ್ಕೆ ನಿಮ್ಮ ಕಚೇರಿಯ ಉತ್ತರ ತಲುಪಿತು. "ಸದರಿ ಫಲಾನುಭವಿಯು ನೋಂದಾಯಿತ ವಿಳಾಸದಲ್ಲಿ ಲಭ್ಯವಿಲ್ಲದ ಕಾರಣ ಗೃಹಭೇಟಿ ಸಾಧ್ಯವಾಗಿರುವುದಿಲ್ಲ. ಇದರಲ್ಲಿ ಇಲಾಖೆಯ ಲೋಪ ಕಂಡುಬಂದಿರುವುದಿಲ್ಲ." ಇಷ್ಟೇ ಉತ್ತರ. ನಾವು ಕಳಿಸಿದ ಪತ್ರಗಳನ್ನು ಯಾರಾದರೂ ಓದಿದ ಗುರುತು ಅದರಲ್ಲಿ ಎಲ್ಲೂ ಇಲ್ಲ. ಮಗುವಿನ ಹೆಸರೂ ಇಲ್ಲ.

ಲೋಪವಿಲ್ಲ ಎಂದ ವಾರದಲ್ಲೇ ನೀವು ಪಟಾಲಮ್ಮನಿಗೆ ನೋಟಿಸು ಕೊಟ್ಟಿದ್ದೀರಿ. ಅದನ್ನು ಹಿಡಿದುಕೊಂಡು ಅವಳು ನಮ್ಮ ಮನೆಗೆ ಬಂದಳು. ಲುಬ್ನಾ ಈಗ ಅಟ್ಟೂರಿಗೆ ವಾಪಸ್ ಬಂದಿದ್ದಾಳೆ. ಅವಳನ್ನು ಕಂಡೊಡನೆ ಪಟಾಲಮ್ಮ ಹೊಸಿಲ ಮೇಲೆ ಕುಸಿದು, "ಓಗ್ಬ್ಯಾಡ ಅಂತ ಏಳೋರೂ ಅವರೇ, ಯಾಕೆ ಓಗ್ಲಿಲ್ಲ ಅಂತ ಕೇಳೋರೂ ಅವರೇ. ನಾನೇನ್ ಮಾಡ್ಲವ್ವಾ?" ಎಂದಳು. ಲುಬ್ನಾ ಒಳಗೆ ಹೋಗಿ ಟೀ ಮಾಡಿ ತಂದು ಕೊಟ್ಟಳು. ಇಬ್ಬರೂ ಅಳುತ್ತಾ ಕುಡಿದರು.

ಎಲ್ಲರಿಗಿಂತ ಕೆಳಗೆ ನಿಂತವಳ ಕೈಗೆ ತಪ್ಪನ್ನು ಕೊಟ್ಟು ಕಡತ ಮುಚ್ಚುವುದನ್ನು ನಾನು ನಲವತ್ತು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಆ ನೋಟಿಸನ್ನು ವಾಪಸ್ ತೆಗೆದುಕೊಳ್ಳಿ. ಅವಳ ಮೇಲೂ, ಆರ್.ಟಿ. ನಗರದ ಆ ಆಶಾ ಮೇಲೂ ನಮ್ಮ ದೂರಿಲ್ಲ. ಮನೆಗಳನ್ನು ಹಂಚಿ, ಬಾಣಂತಿಯರು ಎಲ್ಲಿರುತ್ತಾರೆ ಎಂದು ಯೋಚಿಸದೆ ಗೆರೆ ಎಳೆದವರು ಯಾರೋ, ದೂರು ಅವರ ಮೇಲೆ.

ಇಂದಿನಿಂದ ಡಿಸೆಂಬರ್ ಮೊದಲ ಗುರುವಾರದವರೆಗೆ ನಿಮಗೆ ಸಮಯವಿದೆ. ಅದು ಎರಡೂ ಕೇಂದ್ರಗಳಲ್ಲಿ ಲಸಿಕೆಯ ದಿನ. ಮಕ್ಕಳನ್ನೆತ್ತಿಕೊಂಡ ತಾಯಂದಿರು ಬಂದಿರುತ್ತಾರೆ. ಅವರಲ್ಲಿ ಅರ್ಧ ಜನ ಬೇರೆ ಕಡೆಯ ಕಾರ್ಡು ಹಿಡಿದು ತವರಿಗೆ ಬಂದವರೇ ಆಗಿರುತ್ತಾರೆ. ಬೆಳಿಗ್ಗೆ ಆರ್.ಟಿ. ನಗರದಲ್ಲಿ, ಮಧ್ಯಾಹ್ನ ಅಟ್ಟೂರಿನಲ್ಲಿ ನಾವೂ ಇರುತ್ತೇವೆ. ಕುಬ್ರಾ ಬರುತ್ತಾರೆ, ನಯೀಮ್ ಕೆಲಸಕ್ಕೆ ರಜೆ ಹಾಕಿ ಬರುತ್ತಾನೆ. ನೀವು ನಿಮ್ಮ ಬದಲಿಗೆ ಯಾರನ್ನೂ ಕಳಿಸದೆ ನೀವೇ ಬನ್ನಿ.

ಬಂದು, ಇನ್ನು ಮುಂದೆ ಮಗು ಯಾವ ಬೀದಿಯಲ್ಲಿದೆಯೋ ಆ ಬೀದಿಯ ಆಶಾ ಅದರ ಮನೆಗೆ ಹೋಗಬೇಕೆಂದು ಆದೇಶ ಮಾಡುತ್ತೀರೋ ಇಲ್ಲವೋ, ಆ ತಾಯಂದಿರಿಗೆ ಹೇಳಿ. ಅದಕ್ಕೂ ಮೊದಲು, ಜುಲೈ ಎರಡರಿಂದ ಇಪ್ಪತ್ತರವರೆಗೆ ರುಖ್ಸಾರ್ ಯಾರ ಏರಿಯಾದ ಮಗುವಾಗಿದ್ದಳು ಎಂಬುದಕ್ಕೆ ಉತ್ತರ ಕೊಡಿ. ನಮ್ಮ ವಿಳಾಸಕ್ಕೆ ಬರೆದು ಕಳಿಸಬೇಡಿ. ಎಲ್ಲರೆದುರು, ಅವಳ ಹೆಸರು ಹೇಳಿ, ಬಾಯಿಬಿಟ್ಟು ಹೇಳಿ.

ಇಂದು ಬಾಲರಾಜು
ಲುಬ್ನಾ, ರುಖ್ಸಾರಳ ತಾಯಿ